ಬೆತ್ತದ ಕುರ್ಚಿಯ ಕೆಳಗೆ

"ಮತ್ತೆ ಮಾಡಿದೆಯಾ? ಮತ್ತೆ ಅದೇ ಜಾಗ!"

ಕೆಲಸದಿಂದ ಬಂದ ಮಗ ಷೂ ಬಿಚ್ಚುವ ಮೊದಲೇ ಮ್ಯಾಟಿನ ಮೇಲಿನ ಒದ್ದೆ ನೋಡಿದ್ದ. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯ ಕೆಳಗೆ ಹಾಸಿದ್ದ ಕಂದು ಮ್ಯಾಟಿನಲ್ಲಿ ಅಂಗೈಯಗಲದ ಕಲೆ ಮೂಡಿತ್ತು. ಕುರ್ಚಿಯಲ್ಲಿ ಅವನ ಅಪ್ಪ ತೊಡೆಯ ಮೇಲೆ ಪೇಪರು ಹರಡಿಕೊಂಡು ಕೂತಿದ್ದರು. ನಾಯಿಮರಿ ಎಂದಿನಂತೆ ಬಾಗಿಲಿಗೆ ಓಡಿಬಂದು, ಹಿಂಗಾಲ ಮೇಲೆ ನಿಂತು ಮಗನ ಮೊಣಕಾಲು ಮುಟ್ಟಲು ನೋಡುತ್ತಿತ್ತು. ಅವನು ಅದರ ಕುತ್ತಿಗೆ ಹಿಡಿದೆತ್ತಿ ತಂದು ಒದ್ದೆಗೆ ಮೂಗು ತಾಗಿಸಿದ. ಟೀಪಾಯಿಯ ಮೇಲಿದ್ದ ಹಳೆಯ ವಾರಪತ್ರಿಕೆಯನ್ನು ಸುರುಳಿ ಸುತ್ತಿ ಬೆನ್ನಿನ ಮೇಲೆ ಎರಡೇಟು ಕೊಟ್ಟ. ಜೋರಾದ ಏಟೇನಲ್ಲ. ಆದರೆ ಎರಡು ಕಿಲೋ ತೂಕದ ಪ್ರಾಣಿಗೆ ಜೋರು ಯಾವುದು, ಮೆಲ್ಲಗೆ ಯಾವುದು ಎಂದು ಅಳೆದು ನೋಡಿದವರು ಯಾರು?

"ಇಲ್ಲಿ ಮಾಡಬಾರದು. ತಿಳೀತಾ? ಇಲ್ಲಿ ಮಾಡಬಾರದು!"

ಮರಿ ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಬಾಲವೊಂದನ್ನು ಮಾತ್ರ ಆಡಿಸುತ್ತಿತ್ತು. ತಪ್ಪೇನೆಂದು ತಿಳಿಯದಿದ್ದರೂ ಕ್ಷಮೆ ಕೇಳುವುದು ಆ ಜಾತಿಗೆ ಹುಟ್ಟಿನಿಂದಲೇ ಬಂದ ಬುದ್ಧಿ. ಅಷ್ಟರಲ್ಲಿ ಸೊಸೆ ಒಂದು ಕೈಯಲ್ಲಿ ಬಕೆಟ್ಟು ಹಿಡಿದು, ಇನ್ನೊಂದು ಕೈಯಿಂದ ಸೊಂಟದ ಮೇಲೆ ಒಂಬತ್ತು ತಿಂಗಳ ಮಗುವನ್ನು ಕೂರಿಸಿಕೊಂಡು ಬಂದಳು.

"ಸಾಕು ಬಿಡ್ರೀ, ನಾನು ಒರೆಸ್ತೀನಿ," ಎಂದು ಮಗುವನ್ನು ಗಂಡನಿಗೆ ಕೊಟ್ಟಳು. ಆಮೇಲೆ ಕುರ್ಚಿಯ ಕಡೆ ಮುಖ ತಿರುಗಿಸದೆ, "ಮಾವ, ಕಾಲು ಸ್ವಲ್ಪ ಎತ್ಕೊಳ್ಳಿ," ಎಂದಳು.

ಅವರು ಕಾಲೆತ್ತಿದರು. ಮೇಲಕ್ಕೆ ಏಳಲಿಲ್ಲ, ತೊಡೆಯ ಮೇಲಿನ ಪೇಪರು ತೆಗೆಯಲಿಲ್ಲ. ಎಲ್ಲರೂ ಒಳಗೆ ಹೋಗುವವರೆಗೂ ಅವರು ಆ ಕುರ್ಚಿ ಬಿಟ್ಟು ಕದಲುವ ಹಾಗಿರಲಿಲ್ಲ. ಯಾಕೆಂದರೆ ಆ ಒದ್ದೆ ನಾಯಿಮರಿಯದಲ್ಲ, ಅವರದು.

ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಬಿಲ್ಡಿಂಗಿನವರೆಲ್ಲ ಈಗಲೂ ಡ್ರೈವರ್ ಎಂದೇ ಕರೆಯುತ್ತಾರೆ. ಬೆಳಗ್ಗೆ ಸ್ಟೇರಿಂಗ್ ಹಿಡಿದು ಕೂತರೆ ಐದು ಗಂಟೆ ಕಾಲ ಸೀಟು ಬಿಟ್ಟು ಏಳದ ಮನುಷ್ಯ. ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಮರದ ಮರೆಗೆ ಹೋಗುವ ಡ್ರೈವರುಗಳನ್ನು ಕಂಡರೆ ಅವರಿಗೆ ತಾತ್ಸಾರ. "ಬ್ರೇಕು ಕಾಲ ಕೆಳಗಿದ್ರೆ ಸಾಲ್ದು ಕಣ್ರೋ, ಹೊಟ್ಟೆ ಕೆಳಗೂ ಇರ್ಬೇಕು," ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುತ್ತಿದ್ದರು. ಕೆಲವರಿಗೆ ಮೀಸೆಯ ಮೇಲೆ ಹೆಮ್ಮೆ, ಕೆಲವರಿಗೆ ಮನೆತನದ ಮೇಲೆ. ಇವರಿಗೆ ತಾನು ತಡೆದುಕೊಳ್ಳಬಲ್ಲೆ ಎಂಬುದರ ಮೇಲೆ. ನಗುವವರು ನಗಬಹುದು. ಐವತ್ತು ಜನ ಹಿಂದೆ ಕೂತಿರುವಾಗ ಅದೇನೂ ಸಣ್ಣ ವಿದ್ಯೆಯಲ್ಲ.

ನಾಲ್ಕು ತಿಂಗಳ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆಯಿತು. "ಕೆಲವರಿಗೆ ಆಮೇಲೆ ಒಂದಷ್ಟು ತಿಂಗಳು ತೊಟ್ಟಿಕ್ಕುತ್ತೆ. ಕೆಮ್ಮಿದಾಗ, ಎದ್ದಾಗ, ನಿದ್ದೆ ಮಾಡಿದಾಗ. ನಿಧಾನಕ್ಕೆ ಸರಿಹೋಗುತ್ತೆ. ಅಲ್ಲೀವರೆಗೆ ಪ್ಯಾಡ್ ಹಾಕ್ಕೊಳ್ಳಿ," ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಚೀಟಿ ಚಾಚುವ ಸರದಿ ಬಂದಾಗ ಗಲ್ಲಾದ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿ ನಿಂತಿದ್ದಳು. ಡ್ರೈವರ್ ಕೆಮ್ಮಿನ ಗುಳಿಗೆ ಕೊಂಡು ವಾಪಸ್ಸು ಬಂದರು. ಮಗ ಕೇಳಿದಾಗ, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ," ಎಂದರು. ಹೆಂಡತಿಯಾದರೂ ಇದ್ದಿದ್ದರೆ ಬಾಯಿಬಿಡುತ್ತಿದ್ದರೋ ಏನೋ. ಅವಳು ತೀರಿಕೊಂಡು ಆರು ವರ್ಷವಾಗಿತ್ತು.

ಆಪರೇಷನ್ ಆಗಿ ಆರು ವಾರಕ್ಕೆ ನಾಯಿಮರಿ ಬಂತು. ಮಗ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟನ್ನೆಲ್ಲ ಹತ್ತಿಸಿ ಇಳಿಸುವವನ ಮನೆ ಮಾತ್ರ ಲಿಫ್ಟಿಲ್ಲದ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ. ಅವನ ಜೊತೆ ಕೆಲಸ ಮಾಡುವವನೊಬ್ಬನ ಮನೆಯಲ್ಲಿ ಪಮೇರಿಯನ್ ನಾಯಿ ನಾಲ್ಕು ಮರಿ ಹಾಕಿತ್ತು. "ಅಪ್ಪ ಸುಮ್ನೆ ಕೂತಿರ್ತಾರೆ. ಇದನ್ನ ಹೊರಗೆ ಕರ್ಕೊಂಡು ಹೋಗೋ ನೆಪದಲ್ಲಾದ್ರೂ ನಾಲ್ಕು ಹೆಜ್ಜೆ ನಡೀಲಿ," ಎಂದು ಷರ್ಟಿನೊಳಗೆ ಇಟ್ಟುಕೊಂಡು ತಂದ. ಬಿಳಿ ಉಣ್ಣೆಯ ಉಂಡೆಯಂತಹ ಎರಡು ತಿಂಗಳ ಮರಿ. ಮೊದಲನೆಯ ದಿನದಿಂದಲೇ ಡ್ರೈವರ್ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಯಿತು. ಬಚ್ಚಲ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಕರೆಯಿತು. "ಇದು ನಾಯಿಯಲ್ಲ, ನನ್ನ ಕಂಡಕ್ಟರ್ರು," ಎಂದು ಅವರು ನಕ್ಕರು. ಹೆಸರು ಅದೇ ನಿಂತಿತು.

ಮರಿಗೆ ಶಿಸ್ತು ಕಲಿಸುವ ಜವಾಬ್ದಾರಿ ಅವರೇ ವಹಿಸಿಕೊಂಡರು. ಬಸ್ಸಿನವರಿಗೆ ಗೊತ್ತಿರುವ ವಿದ್ಯೆ ಒಂದೇ, ಟೈಮ್‌ಟೇಬಲ್. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಬೆಳಗ್ಗೆ ಏಳಕ್ಕೆ ಮೊದಲನೇ ಟ್ರಿಪ್ಪು, ಹನ್ನೊಂದಕ್ಕೆ ಎರಡನೆಯದು, ಮೂರಕ್ಕೆ ಮೂರನೆಯದು, ಏಳಕ್ಕೆ ಕೊನೆಯದು. ಒಂದೊಂದು ಟ್ರಿಪ್ಪಿಗೂ ಮರಿಯನ್ನು ಎತ್ತಿಕೊಂಡು ಮೂವತ್ತೆಂಟು ಮೆಟ್ಟಿಲಿಳಿದು, ಬಿಲ್ಡಿಂಗಿನ ಹಿಂದಿನ ಹುಲ್ಲಿನ ಮೇಲೆ ಬಿಡುವುದು. ನಡುವೆ ಎಲ್ಲೂ ಸ್ಟಾಪಿಲ್ಲ. ತನ್ನ ಹಳೆಯ ರೂಟನ್ನೇ ಅವರು ಆ ಗೇಣುದ್ದದ ಪ್ರಾಣಿಗೆ ಹಾಕಿಕೊಟ್ಟಿದ್ದರು. ಒಂದು ವಾರ ಮನೆಯ ಮೂಲೆಮೂಲೆಯೂ ಒದ್ದೆಯಾಯಿತು. "ತಡ್ಕೊಳ್ಳೋಕಾಗಲ್ವೇನೋ? ನಾಚಿಕೆ ಆಗಲ್ವಾ?" ಎಂದು ಬೈದರು. ಮರಿ ನಾಚಿಕೊಳ್ಳಲಿಲ್ಲ. ಸೋಫಾದ ಹಿಂದೆ ಹೋಗಿ ಮಾಡಲು ಶುರುಮಾಡಿತು.

ಚುಚ್ಚುಮದ್ದಿಗೆ ಕರೆದೊಯ್ದಾಗ ನಾಯಿ ಡಾಕ್ಟರಮ್ಮನಿಗೆ ದೂರು ಹೇಳಿದರು. ಆಕೆ ಟೈಮ್‌ಟೇಬಲ್ ಕೇಳಿ ನಕ್ಕುಬಿಟ್ಟರು.

"ನಾಲ್ಕು ಗಂಟೆಗೊಂದ್ಸಲಾನಾ? ಯಜಮಾನ್ರೇ, ಇದರ ಮೂತ್ರಕೋಶ ಇನ್ನೂ ನೆಲ್ಲಿಕಾಯಿಯಷ್ಟೂ ಇಲ್ಲ. ಎಷ್ಟು ತಿಂಗಳೋ ಅಷ್ಟು ಗಂಟೆ, ಅದೂ ಹೆಚ್ಚೇ. ನಿದ್ದೆ ಎದ್ದ ತಕ್ಷಣ, ತಿಂದ ಹತ್ತು ನಿಮಿಷಕ್ಕೆ, ಆಟ ಆಡಿದ ಮೇಲೆ ಕರ್ಕೊಂಡು ಹೋಗಿ. ಪ್ರತಿಸಲ ಕೆಳಗಿಳಿಯೋಕಾಗಲ್ಲ ಅಂದ್ರೆ ಬಾಲ್ಕನೀಲಿ ಒಂದು ಟ್ರೇ ಇಟ್ಟು ಪೇಪರ್ ಹಾಸಿ. ಸರಿಯಾದ ಜಾಗದಲ್ಲಿ ಮಾಡಿದ್ರೆ ಮುದ್ದು ಮಾಡಿ. ತಪ್ಪು ಜಾಗದಲ್ಲಿ ಮಾಡಿದ್ರೆ ಮಾತಾಡದೆ ಒರೆಸಿ."

"ಬೈಯೋದೇ ಬೇಡ್ವಾ?"

"ಬೈದ್ರೆ ತಡ್ಕೊಳ್ಳೋದನ್ನ ಕಲಿಯಲ್ಲ. ನಿಮಗೆ ಗೊತ್ತಾಗದ ಹಾಗೆ ಮಾಡೋದನ್ನ ಕಲಿಯುತ್ತೆ. ಅಷ್ಟೆ."

ಡ್ರೈವರ್ ಮರಿಯನ್ನು ಎತ್ತಿಕೊಂಡರು. ಆ ಹೊತ್ತಿಗೆ ಅವರ ಚಡ್ಡಿಯೊಳಗೆ ನಾಲ್ಕು ಮಡಿಕೆ ಮಡಿಸಿದ ಕರವಸ್ತ್ರವೊಂದಿತ್ತು.

ಹಳೆಯ ರಟ್ಟು ಕಿತ್ತು ಹೊಸದು ಅಂಟಿಸಿದರು. ಅಲ್ಲಿಂದ ಅವರು ಪಟ್ಟ ಪಾಡು ನೋಡಬೇಕಿತ್ತು. ದಿನಕ್ಕೆ ಐದು ಸಲ ಮೆಟ್ಟಿಲಿಳಿದು ಹತ್ತಿದರು. ಉಳಿದ ಹೊತ್ತಿನಲ್ಲಿ ಮರಿ ಮೂಗು ನೆಲಕ್ಕಿಟ್ಟು ಗುಂಡಗೆ ಸುತ್ತಲು ಶುರುಮಾಡಿದರೆ ಸಾಕು, "ಹೋಲ್ಡಾನ್, ಹೋಲ್ಡಾನ್!" ಎಂದು ಎತ್ತಿಕೊಂಡು ಬಾಲ್ಕನಿಗೆ ಓಡಿದರು. ಪೇಪರಿನ ಮೇಲೆ ಬಿಟ್ಟು, "ಸ್ಟಾಪು ಬಂತು, ಇಳಿಯಪ್ಪ," ಎಂದರು. ಕೆಲಸ ಮುಗಿದ ಮೇಲೆ ಬಿಸ್ಕತ್ತಿನ ಚೂರು ಕೊಟ್ಟು, "ರೈಟ್, ರೈಟ್!" ಎಂದರು. ಕೆಳಗಿನ ಹುಲ್ಲಿನ ಮೇಲೂ ಅದೇ ಮಾತು, ಅದೇ ಚೂರು. ಪಕ್ಕದ ಮನೆಯವರು ಬಾಲ್ಕನಿಯಿಂದ ಬಗ್ಗಿ ನೋಡಿ ನಗುತ್ತಿದ್ದರು. ಮೂರು ವಾರಕ್ಕೆ ಮರಿ ತಾನಾಗಿಯೇ ಬಾಲ್ಕನಿಯ ಬಾಗಿಲ ಬಳಿ ಹೋಗಿ ಕೂರತೊಡಗಿತು. ಬಾಗಿಲು ತೆರೆಯದಿದ್ದರೆ ತಿರುಗಿ ಅವರ ಮುಖ ನೋಡುತ್ತಿತ್ತು. ಐದನೇ ವಾರದಲ್ಲಿ ಒಂದು ದಿನವೂ ನೆಲ ಒರೆಸುವ ಪ್ರಮೇಯ ಬರಲಿಲ್ಲ. ಆ ವಾರ ಡ್ರೈವರ್ ಸೊಸೆಯ ಮುಂದೆ ಮೂರು ಸಲ ಅದನ್ನೇ ಹೇಳಿದರು. ಮಗ ಮೊದಲನೇ ಕ್ಲಾಸಿನಲ್ಲಿ ಬಹುಮಾನ ತಂದಾಗಲೂ ಅವರು ಅಷ್ಟು ಬೀಗಿರಲಿಲ್ಲ.

ಆರನೇ ವಾರದ ಒಂದು ಮಧ್ಯಾಹ್ನ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ಅವರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ತೊಡೆ ತಣ್ಣಗಿತ್ತು. ಕರವಸ್ತ್ರದ ಕೈಲಿ ಆಗದಷ್ಟು ಹರಿದಿತ್ತು. ಬೆತ್ತದ ಹೆಣಿಗೆಯ ಸಂದಿನಿಂದ ಇಳಿದು ಕೆಳಗಿನ ಮ್ಯಾಟು ನೆನೆದಿತ್ತು. ಏಳಬೇಕು ಎನ್ನುವಷ್ಟರಲ್ಲಿ ಮಗ ಬಂದ. "ಕಂಡಕ್ಟರ್! ಏನೋ ಇದು?" ಎಂದ. ಡ್ರೈವರ್ ಬಾಯಿ ತೆರೆದರು. ತೆರೆದ ಬಾಯಿಂದ ಮಾತು ಬರಲಿಲ್ಲ. ಮಾತು ಬಾರದ್ದನ್ನು ಸುಳ್ಳು ಎನ್ನಲಾಗದು ಎಂದು ಆ ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಎರಡನೇ ಸಲಕ್ಕೆ ಆ ಸಮಾಧಾನ ಉಳಿಯಲಿಲ್ಲ. ಮೂರನೇ ಸಲಕ್ಕೆ ಬೇಕಾಗಲಿಲ್ಲ. ಆ ಹೊತ್ತಿಗೆ ಕಪ್ಪು ಪ್ಯಾಂಟು, ಅಗಲದ ಪೇಪರು, ಎಲ್ಲರೂ ಒಳಗೆ ಹೋದ ಮೇಲೆ ಬಚ್ಚಲಿಗೆ ಹೋಗುವುದು, ಎಲ್ಲ ರೂಢಿಯಾಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಡಿಪೋದಲ್ಲಿ ಒಮ್ಮೆ ಒಬ್ಬ ಡ್ರೈವರ್ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಗೋಡೆಗೆ ಗುದ್ದಿ, ಕಂಡಕ್ಟರ್ ಸೀಟಿ ಊದಲಿಲ್ಲ ಎಂದು ಬರೆದುಕೊಟ್ಟಿದ್ದ. ಕಂಡಕ್ಟರನ ಸಂಬಳದ ಬಡ್ತಿ ನಿಂತಿತು. ಸೀಟಿಯ ಸದ್ದು ತಾನು ಕೇಳಿದ್ದೇನೆ ಎಂದು ಸಾಹೇಬರ ಮುಂದೆ ಹೋಗಿ ಸಾಕ್ಷಿ ಹೇಳಿದವರು ಇದೇ ಮನುಷ್ಯ. ಆ ಡ್ರೈವರನ ಜೊತೆ ಆಮೇಲೆ ಹತ್ತು ವರ್ಷ ಮಾತಾಡಲಿಲ್ಲ. ಈಗ ಮಗನ ಏಟಿಗೆ ಮರಿ ಕುಂಯ್ ಎಂದಾಗಲೆಲ್ಲ ಆ ಡ್ರೈವರನ ಮುಖ ಕಣ್ಣ ಮುಂದೆ ಬರುತ್ತಿತ್ತು.

ಮರಿಗೋ, ಕಲಿತದ್ದೆಲ್ಲ ಕಲಸಿಹೋಯಿತು. ಮಾಡದ ಜಾಗದಲ್ಲಿ ಏಟು, ಮಾಡಿದ ಜಾಗದಲ್ಲಿ ಬಿಸ್ಕತ್ತು. ಅದರ ಸಣ್ಣ ತಲೆಗೆ ಲೆಕ್ಕ ಹತ್ತಲಿಲ್ಲ. ಮಗನ ದನಿ ಸ್ವಲ್ಪ ಏರಿದರೂ ಸಾಕು, ನಿಂತಲ್ಲೇ ನಾಲ್ಕು ಹನಿ ಬಿಡತೊಡಗಿತು. ಈಗ ನಿಜಕ್ಕೂ ಅದೇ ಅಪರಾಧಿ. "ನಾಯಿ ಬಾಲ ಯಾವತ್ತಿದ್ರೂ ಡೊಂಕೇ," ಎಂದ ಮಗ.

ಅವನಿಗೂ ಕಾರಣವಿತ್ತು. ಹಿಂದಿನ ವಾರ ಮಗುವಿಗೆ ಹೊಟ್ಟೆ ಕೆಟ್ಟು ಎರಡು ದಿನ ಆಸ್ಪತ್ರೆಗೆ ಓಡಾಡಿದ್ದರು. ಅಂಬೆಗಾಲಿಡುವ ಕೂಸು, ಮ್ಯಾಟಿನ ಮೇಲೆ ಅಂಗೈ ಊರಿ ಅದೇ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಗುರುವಾರ ಊಟಕ್ಕೆ ಕೂತಾಗ ಮಗ ತೀರ್ಮಾನ ಹೇಳಿಬಿಟ್ಟ. ತಾನು ಲಿಫ್ಟ್ ನೋಡಿಕೊಳ್ಳುವ ಗೋದಾಮಿನ ಕಾವಲುಗಾರನಿಗೆ ನಾಯಿ ಬೇಕಂತೆ. ಭಾನುವಾರ ಬೆಳಗ್ಗೆ ಬಂದು ಕರೆದೊಯ್ಯುತ್ತಾನೆ.

"ಮೂರು ಕಿಲೋ ಇಲ್ಲ, ಅದೇನು ಗೋದಾಮು ಕಾಯುತ್ತೆ?" ಎಂದರು ಡ್ರೈವರ್.

"ಬೊಗಳಿದ್ರೆ ಸಾಕಂತೆ ಅಪ್ಪ. ಗೇಟಿನ ಹತ್ರ ಚೈನ್ ಹಾಕಿ ಕಟ್ತಾನೆ. ಅಲ್ಲಿ ಎಲ್ಲಿ ಬೇಕಾದ್ರೂ ಮಾಡ್ಕೊಳ್ಳಲಿ."

"ಲಾರಿಗಳು ಓಡಾಡೋ ಜಾಗ."

"ಮತ್ತೇನು ಮಾಡ್ಲಿ ಹೇಳಿ? ಮಗು ಅದರಲ್ಲಿ ಕೈ ಅದ್ದಿ ಬಾಯಿಗಿಡುತ್ತೆ. ನಿಮಗೆ ಮರಿ ಮೇಲೆ ಎಷ್ಟು ಪ್ರೀತಿ ಅಂತ ನನಗೆ ಗೊತ್ತಿಲ್ವಾ? ಆದ್ರೆ ಮಗುಗಿಂತ ಹೆಚ್ಚಲ್ಲವಲ್ಲ."

ಡ್ರೈವರ್ ತಟ್ಟೆ ನೋಡುತ್ತ ಕೂತರು. ಆ ಮ್ಯಾಟಿನಲ್ಲಿದ್ದದ್ದು ಯಾರದು, ಮೊಮ್ಮಗುವಿನ ಕೈಗೆ ಅಂಟಿದ್ದು ಯಾರದು ಎಂದು ಆ ಮನೆಯಲ್ಲಿ ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದರು ಅವರು. ಸೊಸೆ ತಲೆ ತಗ್ಗಿಸಿ ಮಗುವಿನ ಬಾಯಿ ಒರೆಸುತ್ತಿದ್ದಳು.

ಹೇಳಿಬಿಡಬೇಕೆಂದು ಶುಕ್ರವಾರ ನಿಶ್ಚಯಿಸಿದರು. ಶನಿವಾರಕ್ಕೆ ಮುಂದೂಡಿದರು. ಶನಿವಾರ ಸಂಜೆ ಮಗ ಬಾಲ್ಕನಿಯಲ್ಲಿ ಕೂತು ಸ್ಪ್ಯಾನರುಗಳಿಗೆ ಎಣ್ಣೆ ಹಚ್ಚುತ್ತಿದ್ದಾಗ ಪಕ್ಕದಲ್ಲಿ ಹೋಗಿ ನಿಂತರು.

"ನೋಡೋ," ಎಂದರು.

"ಏನಪ್ಪ?"

"ಆ ಮರಿ ವಿಷಯ..."

"ಅಪ್ಪ, ಬೇಡ. ಇನ್ನೊಂದು ಸಲ ಶುರು ಮಾಡ್ಬೇಡಿ. ನಾನೂ ಖುಷಿಯಿಂದ ಕೊಡ್ತಿಲ್ಲ," ಎಂದು ಅವನು ತಲೆ ಎತ್ತಿ ನೋಡಿದ. ಅವನ ಕಣ್ಣು ಕೆಂಪಾಗಿತ್ತು. "ಷರ್ಟಿನೊಳಗಿಟ್ಕೊಂಡು ತಂದವನು ನಾನು."

ಅಲ್ಲಿ ಒಂದು ಗಳಿಗೆ ಸಿಕ್ಕಿತ್ತು. ಮಗ ಮತ್ತೆ ತಲೆ ತಗ್ಗಿಸಿದ್ದ, ಮುಖ ನೋಡುವ ಕಷ್ಟವೂ ಇರಲಿಲ್ಲ. ಒಂದೇ ಒಂದು ವಾಕ್ಯ, ಅಷ್ಟು ಸಾಕಿತ್ತು. ಐವತ್ತು ಜನರ ಪ್ರಾಣವನ್ನು ಎರಡು ಕೈಯಲ್ಲಿ ಹಿಡಿದು ಘಟ್ಟ ಇಳಿಸಿದ ಮನುಷ್ಯನಿಗೆ ಆ ಒಂದು ವಾಕ್ಯ ಇಳಿಸಲು ಆಗಲಿಲ್ಲ. "ಎಣ್ಣೆ ಕಡಿಮೆ ಹಾಕು, ಜಾರುತ್ತೆ," ಎಂದು ಹೇಳಿ ಒಳಗೆ ಬಂದರು.

ಬಟ್ಟೆ ಬದಲಿಸಲು ಕಪಾಟು ತೆರೆದಾಗ ಟವೆಲ್ಲುಗಳ ಹಿಂದೆ ಖಾಕಿ ಕಾಗದ ಸುತ್ತಿದ ಪೊಟ್ಟಣವೊಂದು ಕೈಗೆ ತಗುಲಿತು. ಅವರು ಇಟ್ಟದ್ದಲ್ಲ. ಬಿಚ್ಚಿದರು. ಪ್ಯಾಡುಗಳು. ದೊಡ್ಡವರು ಹಾಕಿಕೊಳ್ಳುವಂಥವು, ಗಂಡಸರವು. ಚೀಟಿಯಿಲ್ಲ, ಮಾತಿಲ್ಲ. ಮಡಿಸಿದ ಕಾಗದದ ಅಂಚಿಗೆ ಅಂಟಿಸಿದ್ದ ಪಟ್ಟಿ ಮಾತ್ರ ಆಸ್ಪತ್ರೆಯಲ್ಲಿ ಬಳಸುವ ಬಿಳಿಯ ಪ್ಲಾಸ್ಟರು.

ಕಪಾಟಿನ ಬಾಗಿಲು ಹಿಡಿದುಕೊಂಡೇ ಅವರು ಮಂಚದ ಮೇಲೆ ಕೂತರು. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಅರವತ್ತು ಸೀಸೆ ಮೂತ್ರ ಅವಳ ಕೈದಾಟಿ ಹೋಗುತ್ತದೆ. ಬಣ್ಣ ನೋಡಿ, ವಾಸನೆ ನೋಡಿ ರೋಗ ಹೇಳುವವಳು. ಅಂಥವಳು ಮೂರು ವಾರದಿಂದ ಮಂಡಿಯೂರಿ ಆ ಮ್ಯಾಟು ಒರೆಸುತ್ತಿದ್ದಾಳೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಗಿತ್ತು ತನ್ನ ಕಥೆ. ಮೊದಲು ಅವರಿಗೆ ಬಂದದ್ದು ಸಿಟ್ಟು. ಯಾರು ಕೇಳಿದ್ದರು ಇವಳನ್ನು? ಆ ಸಿಟ್ಟು ಇಳಿದ ಮೇಲೆ ನಾಚಿಕೆ ಬಂತು, ಕಿವಿಯವರೆಗೆ ಬಿಸಿಯಾಗುವಷ್ಟು. ಅವಳಿಗೆ ಗೊತ್ತು. ಗೊತ್ತಿದ್ದೂ ಗಂಡನಿಗೆ ಹೇಳಿಲ್ಲ. ಮಾವನ ಮರ್ಯಾದೆ ಮಾವನೇ ತೆರೆಯಬೇಕಾದ ಬಾಗಿಲು ಎಂದು ಸುಮ್ಮನಿದ್ದಾಳೆ. ಬೇಕಾದರೆ ಮರಿ ಹೋಗಲಿ ಎಂದುಕೊಂಡಿದ್ದಾಳೆ. ಮರಿಗೆ ಹಾಲು ಕಲಸಿ ಹಾಕುವವಳೂ ಅವಳೇ.

ಪೊಟ್ಟಣವನ್ನು ಇದ್ದ ಹಾಗೇ ಸುತ್ತಿ ಟವೆಲ್ಲುಗಳ ಹಿಂದೆ ಇಟ್ಟರು. ಭಾನುವಾರ ಬೆಳಗ್ಗೆ ಸ್ನಾನವಾದ ಮೇಲೆ ಮತ್ತೆ ತೆಗೆದರು. ಒಂದನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನಿಂತರು. ಹಾಕಿಕೊಂಡರೆ ಒಪ್ಪಿಕೊಂಡ ಹಾಗೆ. ಹಾಕಿಕೊಳ್ಳಲಿಲ್ಲ.

ಗೋದಾಮಿನವನು ಹತ್ತು ಗಂಟೆಗೆ ಬಂದ. ಒಳ್ಳೆಯ ಮನುಷ್ಯನೇ. ಚಪ್ಪಲಿ ಹೊರಗೆ ಬಿಟ್ಟು, ಬಗಲಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ಬಾಗಿಲ ಪಕ್ಕ ಇಟ್ಟ. ಗಾಳಿಯಾಡಲೆಂದು ಪೆಟ್ಟಿಗೆಗೆ ತೂತು ಕೊರೆದಿದ್ದ. ಸೊಸೆ ಟೀ ತಂದುಕೊಟ್ಟಳು. ಮರಿ ಹೊಸಬನ ವಾಸನೆಗೆ ಒಮ್ಮೆ ಬೊಗಳಿ, ಹಿಂದಕ್ಕೆ ಸರಿದು, ಬೆತ್ತದ ಕುರ್ಚಿಯ ಕೆಳಗೆ ಸೇರಿಕೊಂಡಿತು. ಮೇಲೆ ಡ್ರೈವರ್ ಕೂತಿದ್ದರು, ತೊಡೆಯ ಮೇಲೆ ಪೇಪರು.

"ಗಂಟಲೇನೋ ಜೋರಾಗಿದೆ," ಎಂದು ಅವನು ಮೆಚ್ಚಿಕೊಂಡ. "ಹೆಸರೇನು ಸಾರ್?"

"ಕಂಡಕ್ಟರ್ ಅಂತ," ಎಂದ ಮಗ. "ಅಪ್ಪ ಇಟ್ಟಿದ್ದು."

"ಅಲ್ಲಿ ಬೇರೆ ಇಡ್ತೀನಿ ಬಿಡಿ. ಲಾರಿಯವರು ನಗ್ತಾರೆ," ಎಂದು ಅವನೇ ನಕ್ಕ.

ಡ್ರೈವರಿಗೂ ನಗಬೇಕೆನ್ನಿಸಿ, ನಗು ಬಾರದೆ, ಟೀ ನೆತ್ತಿಗೇರಿ ಕೆಮ್ಮು ಬಂತು. ಒಂದು ಕೆಮ್ಮು, ಅದರ ಹಿಂದೆ ಇನ್ನೊಂದು, ಮೂರನೆಯದು. ಮೂರನೆಯದಕ್ಕೆ ಅವರಿಗೆ ತಿಳಿಯಿತು. ತಡೆಯಲು ನೋಡಿದರು. ಮೂವತ್ತನಾಲ್ಕು ವರ್ಷದ ಅಭ್ಯಾಸವನ್ನೆಲ್ಲ ಒಟ್ಟುಗೂಡಿಸಿ ಬಿಗಿಹಿಡಿದರು. ಬೆಚ್ಚಗೆ ಹರಿಯಿತು. ಬೆತ್ತದ ಸಂದಿನಿಂದ ಕೆಳಗೆ ತೊಟ್ಟು ತೊಟ್ಟಾಗಿ ಬೀಳುವ ಸದ್ದು ಅವರೊಬ್ಬರಿಗೇ ಕೇಳಿಸಿತು. ಕೆಳಗಿದ್ದ ಮರಿ ಬೆಚ್ಚಿ ಗೋಡೆಯ ಕಡೆಗೆ ಸರಿಯಿತು.

"ಬಾ ಹೊರಗೆ," ಎಂದು ಮಗ ಬಗ್ಗಿದ. ಬಗ್ಗಿದವನಿಗೆ ಮ್ಯಾಟು ಕಂಡಿತು. "ನೋಡಿದ್ರಾ? ಈಗಷ್ಟೆ ಮಾಡಿದೆ. ನಿಮ್ಮ ಮುಂದೇನೇ! ಹತ್ತು ನಿಮಿಷದ ಹಿಂದೆ ಬಾಲ್ಕನಿಗೆ ಬಿಟ್ಟಿದ್ದೆ."

"ಆ ಒದ್ದೆ ಬೆಳಗ್ಗೆಯಿಂದ ಅಲ್ಲೇ ಇತ್ತು ಅನ್ಸುತ್ತೆ," ಎಂದ ಗೋದಾಮಿನವನು, ಸಂಕೋಚದಿಂದ.

"ಇಲ್ಲ, ಈಗ್ಲೇ ಮಾಡ್ತು," ಎಂದು ಸೊಸೆ ತಟ್ಟನೆ ನಡುವೆ ಬಂದಳು. ಅವಳ ದನಿ ಬೇಕಿದ್ದಕ್ಕಿಂತ ಏರಿತ್ತು. "ನಾನೇ ನೋಡ್ದೆ. ಕಣ್ಣಾರೆ ನೋಡ್ದೆ, ಮರಿನೇ ಮಾಡಿದ್ದು. ನೀವು ಕರ್ಕೊಂಡು ಹೋಗಿ, ಪರವಾಗಿಲ್ಲ."

ಎಂದೂ ಸುಳ್ಳಾಡದ ಹುಡುಗಿ. ಹೇಳುವಾಗ ಅವಳ ಗಲ್ಲ ನಡುಗುತ್ತಿದ್ದುದನ್ನು ಡ್ರೈವರ್ ನೋಡಿದರು. ಇದುವರೆಗೆ ತಮ್ಮ ಪಾಲಿಗೆ ಏಟು ತಿಂದದ್ದು ಮೂಕಪ್ರಾಣಿ. ಈಗ ಇವಳು ಬಾಯಿಬಿಟ್ಟು, ಹೊರಗಿನವನ ಎದುರಿಗೆ, ಗಂಡನ ಮುಖ ನೋಡಿ ತಮಗಾಗಿ ಸುಳ್ಳಾಡಿದಳು. ಅವರಿಗೆ ಅದನ್ನು ಸಹಿಸಲಾಗಲಿಲ್ಲ.

ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ಎದ್ದು ನಿಂತರು. ಅಂದು ಭಾನುವಾರವೆಂದು ಹಾಕಿಕೊಂಡಿದ್ದದ್ದು ಬೂದು ಬಣ್ಣದ ಪ್ಯಾಂಟು. ಮುಂದೆಲ್ಲ ನೆನೆದು ಕಪ್ಪಾಗಿತ್ತು. ಒಂದು ಕಾಲಿನ ಒಳಗಿಂದ ಇಳಿದ ಗೆರೆ ಪಾದದವರೆಗೂ ಹೋಗಿತ್ತು. ಅವರು ಕೈ ಅಡ್ಡ ಹಿಡಿಯಲಿಲ್ಲ.

"ಅವಳು ನನ್ನ ಮರ್ಯಾದೆಗೋಸ್ಕರ ಹೇಳ್ತಿದ್ದಾಳೆ," ಎಂದರು. "ಇದು ನಂದು. ಮೊನ್ನೆಯದೂ ನಂದೇ. ಅದರ ಹಿಂದಿನ ವಾರದ್ದೂ ನಂದೇ. ಈ ಕುರ್ಚಿ ಕೆಳಗೆ ಅದು ಒಂದ್ಸಲಾನೂ ಮಾಡಿಲ್ಲ."

ಗೋದಾಮಿನವನು ಟೀ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು ಕಿಟಕಿಯಾಚೆ ನೋಡಿದ. ಮಗ ಬಗ್ಗಿದ್ದವನು ಹಾಗೇ ಮಂಡಿಯೂರಿ ಕೂತುಬಿಟ್ಟಿದ್ದ.

"ಯಾವಾಗಿನಿಂದ?" ಎಂದ.

"ಆಪರೇಷನ್ ಆದಾಗಿನಿಂದ."

"ಯಾಕಪ್ಪ ಹೇಳ್ಲಿಲ್ಲ?"

"ಹೇಳೋಕಾಗ್ಲಿಲ್ಲ ಕಣೋ." ಅವರು ಕುರ್ಚಿಯ ಕಡೆ ನೋಡಿದರು. "ನೀನು ಹೊಡೀತಿದ್ದೆ, ನಾನು ನೋಡ್ತಾ ಕೂತಿದ್ದೆ."

ಸೊಸೆ ಎಂದಿನಂತೆ ಬಟ್ಟೆ ಹಿಡಿದು ಬಗ್ಗಲು ಹೋದಳು. "ಬಿಡಮ್ಮ," ಎಂದು ಅವರು ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ಕುರ್ಚಿ ಹಿಡಿದು ನಿಧಾನಕ್ಕೆ ಮಂಡಿಯೂರಿ ನೆಲ ಒರೆಸಿದರು. ಮ್ಯಾಟನ್ನು ಸುತ್ತಿ ಬಾಲ್ಕನಿಗೆ ಒಯ್ದರು. ಆಮೇಲೆ ಎಲ್ಲರ ಕಣ್ಣೆದುರಿಗೆ, ಅವಸರ ಮಾಡದೆ, ನಡುಮನೆ ದಾಟಿ ತಮ್ಮ ಕೋಣೆಗೆ ಹೋಗಿ, ಅಲ್ಲಿಂದ ಬಚ್ಚಲಿಗೆ ಹೋದರು. ನೀರು ಬಿಟ್ಟುಕೊಂಡ ಮೇಲೆ ಅತ್ತರು. ಅತ್ತದ್ದು ಹೆಚ್ಚು ಹೊತ್ತೇನಲ್ಲ. ಮೈ ತೊಳೆದು, ಪೊಟ್ಟಣದಿಂದ ಒಂದನ್ನು ತೆಗೆದು ಹಾಕಿಕೊಂಡರು. ಸರಿಯಾಗಿ ಕೂರಿಸಲು ಎರಡು ಸಲ ಬಿಚ್ಚಿ ಕಟ್ಟಬೇಕಾಯಿತು. ಒಗೆದ ಪ್ಯಾಂಟು ಹಾಕಿಕೊಂಡು ಹೊರಗೆ ಬಂದರು.

ಗೋದಾಮಿನವನು ಹೊರಟುಹೋಗಿದ್ದ. ಮಗು ಸೋಫಾದ ಕಾಲು ಹಿಡಿದು ಏಳಲು ನೋಡುತ್ತಿತ್ತು. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಅವಳು ಕುರ್ಚಿಯ ಕಡೆಗೆ ಕಣ್ಣು ತೋರಿಸಿದಳು.

ಮಗ ನೆಲದ ಮೇಲೆ ಬೋರಲು ಮಲಗಿದ್ದ. ಕೆನ್ನೆಯನ್ನು ಒದ್ದೆ ನೆಲಕ್ಕೆ ಹಚ್ಚಿ, ಒಂದು ಕೈಯನ್ನು ಭುಜದವರೆಗೆ ಕುರ್ಚಿಯ ಕೆಳಗೆ ಚಾಚಿದ್ದ. ಅಂಗೈ ಮೇಲ್ಮುಖವಾಗಿ ಬಿಚ್ಚಿತ್ತು, ಅದರಲ್ಲಿ ಏನೂ ಇರಲಿಲ್ಲ. ಬೆರಳ ತುದಿಯಿಂದ ಒಂದು ಗೇಣು ಆಚೆಗೆ ಮರಿ ಗೋಡೆಗೆ ಅಂಟಿಕೊಂಡು ನಡುಗುತ್ತ ಕೂತಿತ್ತು. ಅವನು ಕರೆಯುತ್ತಿರಲಿಲ್ಲ, ಹೆಸರು ಹೇಳುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಮಲಗಿದ್ದನೋ, ತೋಳು ಸಣ್ಣಗೆ ಅದುರುತ್ತಿತ್ತು. ಮರಿ ಕೈಯನ್ನು ನೋಡಿತು, ಅವನ ಮುಖವನ್ನು ನೋಡಿತು, ಮತ್ತೆ ಕೈಯನ್ನು ನೋಡಿತು. ಬರಲಿಲ್ಲ.

ಅವನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.